ಮಾವನ ವಾಚು, ಅಮೀರ್‌ಪೇಟಿನ ವಾಚು

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬೆಲ್ಟು, ಪರ್ಸು, ಮೊಬೈಲು ಎಲ್ಲವನ್ನೂ ಬಿಚ್ಚಿ ಪ್ಲಾಸ್ಟಿಕ್ ಟ್ರೇಗೆ ಹಾಕುತ್ತೇವಲ್ಲ, ಆಗ ಎಲ್ಲರ ಟ್ರೇಗಳೂ ಸುಮ್ಮನಿರುತ್ತಿದ್ದವು. ನನ್ನದು ಮಾತ್ರ 'ಧಡ್' ಅನ್ನುತ್ತಿತ್ತು. ಸಾಲಿನಲ್ಲಿ ನಿಂತವರು ಕತ್ತು ಚಾಚಿ ನೋಡುತ್ತಿದ್ದರು. ಒಂದು ಸಲ ಅಲ್ಲಿಯ ಭದ್ರತಾ ಸಿಬ್ಬಂದಿಯೊಬ್ಬ ನನ್ನ ಟ್ರೇಯಿಂದ ಆ ವಸ್ತುವನ್ನು ಎತ್ತಿ, ಅಂಗೈ ಮೇಲಿಟ್ಟು ತೂಗಿ ನೋಡಿ, "ಏ ಕ್ಯಾ ಹೈ ಸರ್, ತಾಲಾ?" ಎಂದು ಕೇಳಿದ.

ಬೀಗ ಅಲ್ಲಪ್ಪಾ, ಕೈಗಡಿಯಾರ ಎಂದೆ. ಅವನ ಮುಖದಲ್ಲಿ ನಂಬಿಕೆ ಕಾಣಲಿಲ್ಲ. "ಶಾದಿ ಮೇ ಮಿಲಾ" ಎಂದು ಸೇರಿಸಿದೆ. ಆಗ ಅವನು ಬಹಳ ಮೃದುವಾಗಿ ಅದನ್ನು ಟ್ರೇಯಲ್ಲಿ ಮಲಗಿಸಿ, ಮುಂದೆ ಹೋಗಿ ಎಂದು ಕೈ ಮಾಡಿದ. ಪಾಪ, ಮದುವೆಯಾದವನೇ ಇರಬೇಕು.

ಹೌದು, ಅದು ಮದುವೆಯ ವಾಚು. ನಮ್ಮ ಮಂದಿಯಲ್ಲಿ ಅಕ್ಷತೆ ಬೀಳುವುದಕ್ಕಿಂತ ಮೊದಲು ಹೆಣ್ಣಿನ ತಂದೆ ಎಲ್ಲರೆದುರು ಅಳಿಯನ ಕೈಗೆ ವಾಚು ಕಟ್ಟುತ್ತಾರೆ. ನನಗೆ ಕಟ್ಟಿದ್ದು ಬಂಗಾರ ಬಣ್ಣದ್ದು. ಅದರ ಮುಖ ನೋಡಿದರೆ ಒಂದು ಪುಟ್ಟ ಊಟದ ತಟ್ಟೆ. ಸರಪಳಿ ನೋಡಿದರೆ ಎಮ್ಮೆ ಕರುವನ್ನು ಧೈರ್ಯವಾಗಿ ಕಟ್ಟಬಹುದು. ಆಗ ನಾನು ಕಡ್ಡಿಯಂತಿದ್ದೆ. ಆಶೀರ್ವಾದಕ್ಕೆಂದು ಕೈ ಮುಗಿದರೆ ವಾಚು ಜರ್ರನೆ ಮೊಣಕೈಗೆ ಇಳಿಯುತ್ತಿತ್ತು, ಕೈ ಇಳಿಸಿದರೆ ಬೆರಳುಗಳಿಗೆ ಬಂದು ನಿಲ್ಲುತ್ತಿತ್ತು. ವಿಡಿಯೋದವನು ನಕ್ಕ. ಮಾವ ಮಾತ್ರ ಗಂಭೀರವಾಗಿ, "ಇರ್ಲಿ, ಮುಂದ ಮೈ ಬರ್ತೈತಿ" ಎಂದರು. ಅವರ ಮಾತು ಸುಳ್ಳಾಗಲಿಲ್ಲ. ಮೈ ಬಂತು. ಬರುತ್ತಲೇ ಇದೆ.

ನಮ್ಮ ಮಾವ ಗುರುಲಿಂಗಪ್ಪನವರು ಕಲಬುರಗಿ ಕಡೆಯವರು. ಈ ತೆಲುಗು ಮಹಾನಗರಕ್ಕೆ ಬಂದು, ದಿಲ್‌ಸುಖ್‌ನಗರದಲ್ಲಿ ಬಟ್ಟೆ ಅಂಗಡಿ ಇಟ್ಟು, ಅಲ್ಲೇ ಹಿಂದಿನ ಗಲ್ಲಿಯಲ್ಲಿ ಮನೆ ಕಟ್ಟಿ, ಈಗ ಅಂಗಡಿ ಬಿಟ್ಟು ಆರಾಮವಾಗಿರುವವರು. ನನ್ನ ಹೆಂಡತಿ ಶೈಲಾ ಅವರಿಗೆ ಒಬ್ಬಳೇ ಮಗಳು. ಬಟ್ಟೆ ಅಂಗಡಿಯವರಿಗೆ ಯಾವುದನ್ನೂ ಬರೀ ಕಣ್ಣಿನಿಂದ ನೋಡಿದರೆ ತೃಪ್ತಿಯಾಗುವುದಿಲ್ಲ, ಬೆರಳಿನಿಂದ ಮುಟ್ಟಬೇಕು. ಪ್ರತಿ ಭಾನುವಾರ ನಾವು ಊರಿನ ಇನ್ನೊಂದು ತುದಿಯ ಮಣಿಕೊಂಡದಿಂದ ಅವರ ಮನೆಗೆ ಹೋಗುತ್ತೇವೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದಂತೆ ಮಾವ ನನ್ನ ಎಡಗೈ ಹಿಡಿದು, ವೈದ್ಯರು ನಾಡಿ ನೋಡುವ ಹಾಗೆ ಹೊರಳಿಸಿ, ವಾಚು ನೋಡಿ, "ಹೂಂ" ಎಂದು ಬಿಡುತ್ತಾರೆ. ಗೋಡೆಯ ಮೇಲೆ ಅವರದೇ ದೊಡ್ಡ ಗಡಿಯಾರ ನಡೆಯುತ್ತಿರುತ್ತದೆ. ಆದರೂ ನನ್ನ ಕೈಯೇ ಬೇಕು. ಆ 'ಹೂಂ' ಕೇಳಿದ ಮೇಲೆಯೇ ನನಗೆ ಉಸಿರು. ಇಟ್ಟುಕೊಂಡಿದ್ದಾನೆ, ಜೋಪಾನ ಮಾಡಿದ್ದಾನೆ, ಕೊಟ್ಟದ್ದು ವ್ಯರ್ಥವಾಗಲಿಲ್ಲ ಎಂದು ಅದರ ಅರ್ಥವೆಂದು ನಾನು ತಿಳಿದಿದ್ದೆ.

ತಿಳಿದಿದ್ದೆ ಅಂತ ಯಾಕೆ ಹೇಳುತ್ತೇನೆಂದರೆ, ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಮಾವ ಅಳಿಯನಿಗೆ ಎದುರು ಪ್ರಶ್ನೆ ಹಾಕುವುದಿಲ್ಲ, ಅಳಿಯ ಮಾವನಿಗೆ ಎದುರು ಉತ್ತರ ಕೊಡುವುದಿಲ್ಲ. ನಾನು ಅವರ ಎದುರಿಗೇ ತಟ್ಟೆ ಇಟ್ಟುಕೊಂಡು ಕೂತಿದ್ದರೂ, "ಅವ್ರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳವ್ವಾ" ಎಂದು ಅವರು ಶೈಲಾಗೆ ಹೇಳುತ್ತಾರೆ. "ಸಾಕಂತ ಹೇಳು" ಎಂದು ನಾನೂ ಶೈಲಾಗೇ ಹೇಳುತ್ತೇನೆ. ಅವಳು ನಮ್ಮಿಬ್ಬರ ನಡುವೆ ನಿಂತು, "ಇಬ್ರಿಗೂ ಕಿವಿ ಅದಾವಲ್ಲ?" ಎಂದು ಗೊಣಗುತ್ತ ಎರಡು ರೊಟ್ಟಿ ಹಾಕುತ್ತಾಳೆ. ಇದು ಜಗಳವಲ್ಲ, ಮರ್ಯಾದೆ. ಇಷ್ಟು ವರ್ಷ ಹೀಗೇ ಸುಸೂತ್ರವಾಗಿ ನಡೆದಿದೆ.

ಇಂಥ ಸಂಸಾರದಲ್ಲಿ ನನ್ನ ಎಡಗೈ ನೋಯತೊಡಗಿತು.

ನನಗೆ ಚಿಂತೆ ಎಂದರೆ ಕೆಲವರಿಗೆ ಎಲೆ ಅಡಿಕೆ ಇದ್ದ ಹಾಗೆ, ಬಾಯಾಡುತ್ತಲೇ ಇರಬೇಕು. ಎಡಗೈ ನೋವು ಎಂದರೆ ಏನು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ನಾನು ಇನ್ಶೂರೆನ್ಸಿನ ಕಾಗದಗಳನ್ನು ಒಂದು ಕಡೆ ಜೋಡಿಸಿಟ್ಟು, ಗ್ಯಾಸ್ ಸಿಲಿಂಡರ್ ಬುಕ್ ಮಾಡುವುದು ಹೇಗೆಂದು ಮಗಳು ಮೇಘಾಗೆ ಹೇಳಿಕೊಟ್ಟು, ಆಸ್ಪತ್ರೆಗೆ ಹೋದೆ. ಎದೆಗೆ ತಂತಿ ಹಚ್ಚಿ ನೋಡಿದರು. ರಕ್ತ ತೆಗೆದರು. ಎಲ್ಲ ಚೆನ್ನಾಗಿದೆ ಎಂದಾಗ ನನಗೆ ಸ್ವಲ್ಪ ಅವಮಾನವೇ ಆಯಿತು. ಡಾಕ್ಟರಮ್ಮ ಕೊನೆಗೆ ನನ್ನ ಕೈ ನೋಡಿ, ವಾಚು ಬಿಚ್ಚಿಸಿ, ತನ್ನ ಕೈಯಲ್ಲಿ ಹಿಡಿದು, ಮೇಜಿನ ಮೇಲಿಟ್ಟು, "ದಿನಾ ಇದನ್ನೇ ಹಾಕ್ತೀರಾ?" ಎಂದರು. ಕೈಯ ನರ ಒತ್ತಿದೆಯಂತೆ. ಹಗುರದ್ದು ಹಾಕಿ, ಇಲ್ಲವೇ ಹಾಕಬೇಡಿ ಎಂದರು.

ಹಾಕದೇ ಇರುವುದು ಸಾಧ್ಯವಿರಲಿಲ್ಲ. ವಾಚು ಇಲ್ಲದಿದ್ದರೆ ನನಗೆ ಅಂಗಿ ಇಲ್ಲದೆ ಬೀದಿಗೆ ಬಂದಂತೆ. ಮೊಬೈಲಿನಲ್ಲಿ ಟೈಮು ಇಲ್ಲವೇ ಎಂದು ಮೇಘಾ ಕೇಳುತ್ತಾಳೆ. ಇದೆ, ಆದರೆ ಅದನ್ನು ತೆಗೆದು ನೋಡುವಷ್ಟರಲ್ಲಿ ಹತ್ತು ಬೇರೆ ಸುದ್ದಿ ಕಾಣುತ್ತವೆ, ಹತ್ತಕ್ಕೂ ಬೇರೆ ಬೇರೆ ಚಿಂತೆ ಮಾಡಬೇಕಾಗುತ್ತದೆ. ವಾಚು ಪಾಪ, ಟೈಮಿನ ಚಿಂತೆಯೊಂದನ್ನೇ ಕೊಡುತ್ತದೆ.

ಹೀಗೆ ಹಗುರವಾದ, ಅಗ್ಗದ, ದಿನಕ್ಕೂ ಪ್ರಯಾಣಕ್ಕೂ ಒಗ್ಗುವ ಒಂದು ವಾಚು ಹುಡುಕಲು ಹೊರಟೆ. ನಾನು ಒಂದು ಖಾಸಗಿ ಕಂಪನಿಯ ಖರೀದಿ ವಿಭಾಗದಲ್ಲಿರುವವನು. ತಿಂಗಳಿಗೊಮ್ಮೆಯಾದರೂ ವಿಜಯವಾಡ, ಪುಣೆ, ನಾಗಪುರ ಎಂದು ಬೋಲ್ಟು-ನಟ್ಟು ನೋಡಲು ತಿರುಗುತ್ತೇನೆ. ನಮ್ಮ ವಿಭಾಗದಲ್ಲಿ ಪೊರಕೆ ಕೊಳ್ಳುವುದಿದ್ದರೂ ಮೂರು ಕೊಟೇಶನ್ ಬೇಕು. ಆ ರೋಗ ಮನೆಗೂ ಬಂದಿದೆ. ಒಮ್ಮೆ ಮೂರು ಕಡೆ ವಿಚಾರಿಸದೆ ಕಲ್ಲಂಗಡಿ ತಂದು, ಅದು ಸಪ್ಪಗಿದ್ದಾಗ, ತಪ್ಪು ಹಣ್ಣಿನದಲ್ಲ, ಪದ್ಧತಿಯದು ಎಂದು ನಾನು ಹೇಳಿದ್ದನ್ನು ಶೈಲಾ ಇನ್ನೂ ಆಡಿಕೊಳ್ಳುತ್ತಾಳೆ.

"ರೀ, ನೀವು ವಾಚ್ ತಗೊಳ್ಳಾಕ ಹೊಂಟೀರೋ, ಮಗಳಿಗೆ ವರ ನೋಡಾಕ ಹೊಂಟೀರೋ?" ಎಂದು ಅವಳು ಕೇಳಿದ್ದು ಮೂರನೆಯ ವಾರಕ್ಕೆ.

ಯಾಕೆಂದರೆ ಹಗುರ ಎನ್ನುವುದು ಸುಲಭದ ಗುಣವಲ್ಲ. ನನ್ನ ಬದುಕಿನ ಅತಿ ಹಗುರವಾದ ವಾಚು ಜೋಳದ ದಂಟಿನದು. ನಮ್ಮ ಊರಲ್ಲಿ ಸುಗ್ಗಿ ಮುಗಿದ ಮೇಲೆ ದಂಟಿನ ಸಿಪ್ಪೆ ಸೀಳಿ, ಒಳಗಿನ ಬೆಂಡು ಬಿಡಿಸಿ, ಬಂಡಿ ಮಾಡುತ್ತಿದ್ದೆವು, ಕನ್ನಡಕ ಮಾಡುತ್ತಿದ್ದೆವು. ನಮ್ಮಕ್ಕ ಬೆಂಡನ್ನು ಗುಂಡಗೆ ಕತ್ತರಿಸಿ, ಸಿಪ್ಪೆಯಿಂದ ಪಟ್ಟಿ ಮಾಡಿ, ಮಸಿಯಲ್ಲಿ ಒಂದೇ ಒಂದು ಅಂಕಿ, ಅದರ ಕಡೆ ತಿರುಗಿದ ಮುಳ್ಳು ಬರೆದು ನನ್ನ ಕೈಗೆ ಕಟ್ಟಿದ್ದಳು. ಎಂಟು ಗಂಟೆಗೆ ನಿಂತ ಗಡಿಯಾರ. ಯಾಕೆ ಎಂಟು ಎಂದರೆ ಅವಳಿಗೆ ಆಗ ಎಂಟು ಬರೆಯುವುದು ಹೊಸದಾಗಿ ಬಂದಿತ್ತು. ನಾನು ಅದನ್ನು ಕಟ್ಟಿಕೊಂಡು ಓಣಿಯಲ್ಲೆಲ್ಲ ಅಡ್ಡಾಡಿ, ಕೊಟ್ಟಿಗೆಯ ಹತ್ತಿರ ನಿಂತು ಎಮ್ಮೆಗೂ ತೋರಿಸಿದೆ. ಎಮ್ಮೆ ಮೂಸಿತು, ನೆಕ್ಕಿತು, ಆಮೇಲೆ ತಿಂದಿತು. ಅಕ್ಕ ಬಿದ್ದು ಬಿದ್ದು ನಕ್ಕಳು. ನಾನು ಅತ್ತೆ. ಅತ್ತದ್ದು ವಾಚು ಹೋಯಿತೆಂದಲ್ಲ, ಎಮ್ಮೆಗೆ ಏನಾದರೂ ಆದರೆ ಎಂದು. ಆಗಲೇ ಹಾಗಿದ್ದೆ ನೋಡಿ.

ನಮ್ಮ ಶರಣಪ್ಪ ಕಾಕಾನ ಕಥೆ ಬೇರೆ. ಅವನು ಮದುವೆ ಮುಂಜಿಗೆ ಹೊರಟರೆ ತುಂಬುತೋಳಿನ ಅಂಗಿಯ ಮೇಲೆಯೇ ವಾಚು ಕಟ್ಟುತ್ತಿದ್ದ, ಒಳಗಿದ್ದರೆ ಯಾರು ನೋಡಬೇಕು ಎಂದು. ಅದು ಎಂದೋ ನಿಂತುಹೋಗಿತ್ತು. ಯಾರಾದರೂ ಟೈಮು ಕೇಳಿದರೆ ಕೈಯನ್ನು ಬಹಳ ಠೀವಿಯಿಂದ ಮೇಲೆತ್ತಿ, ವಾಚನ್ನು ದಿಟ್ಟಿಸಿ, ಆಮೇಲೆ ಸೂರ್ಯನನ್ನು ನೋಡಿ, "ಊಟಕ್ಕ ಇನ್ನೂ ಭಾಳ ತಡ ಐತಿ" ಎನ್ನುತ್ತಿದ್ದ. ಆ ಕಾಲದಲ್ಲಿ ಅದಕ್ಕಿಂತ ಹೆಚ್ಚು ನಿಖರವಾದ ಉತ್ತರ ಯಾರಿಗೂ ಬೇಕಾಗಿರಲಿಲ್ಲ.

ಇರಲಿ, ಎಲ್ಲಿದ್ದೆ? ಹುಡುಕಾಟ. ಮೊದಲು ಮೇಘಾಳ ಮಾತು ಕೇಳಿ ಆಫೀಸಿನ ಗೆಳೆಯನೊಬ್ಬನಿಂದ ಸ್ಮಾರ್ಟ್‌ವಾಚು ಎರವಲು ತಂದು ಒಂದು ದಿನ ಹಾಕಿಕೊಂಡೆ. ಹಗುರವೇನೋ ಹಗುರ. ಆದರೆ ಅದು ಎದೆ ಬಡಿತ ತೋರಿಸುತ್ತದೆ. ನನ್ನಂಥವನ ಕೈಗೆ ಅಂಥದ್ದನ್ನು ಕೊಡಬಾರದು. ಬಡಿತ ಎಷ್ಟಿದೆ ಎಂದು ನೋಡಿದೆ. ಸ್ವಲ್ಪ ಹೆಚ್ಚು ಅನ್ನಿಸಿತು. ಹೆಚ್ಚು ಅನ್ನಿಸಿದ್ದಕ್ಕೆ ಇನ್ನೂ ಹೆಚ್ಚಾಯಿತು. ಹೆಚ್ಚಾದದ್ದನ್ನು ನೋಡಿ ಬೆವರು ಬಂತು. ಸಂಜೆಯ ಹೊತ್ತಿಗೆ ಅದೇ ನನಗೆ, ಸ್ವಲ್ಪ ಉಸಿರಾಡಿ ಎಂದು ಬುದ್ಧಿ ಹೇಳಿತು. ಮರುದಿನವೇ ಮರಳಿಸಿದೆ.

ದೊಡ್ಡ ಅಂಗಡಿಗಳಿಗೂ ಹೋದೆ. ಅಲ್ಲಿ ಹಗುರ ಇದ್ದದ್ದು ಅಗ್ಗ ಇರಲಿಲ್ಲ. ಅಗ್ಗ ಇದ್ದದ್ದರ ಪಟ್ಟಿ ಚರ್ಮ ಕಚ್ಚುತ್ತಿತ್ತು. ಒಂದರ ಅಂಕಿಗಳು ಎಷ್ಟು ಸಣ್ಣವೆಂದರೆ ಟೈಮು ನೋಡಲು ಚಷ್ಮಾ, ಚಷ್ಮಾ ಹುಡುಕಲು ಟೈಮು. ಕೋಠಿಯ ಒಬ್ಬ ಮುದುಕ ವ್ಯಾಪಾರಿ ನನ್ನ ಬೇಡಿಕೆಗಳನ್ನೆಲ್ಲ ಸಾವಧಾನವಾಗಿ ಕೇಳಿ, "ಹಲ್ಕಾ ಹೋನಾ, ಸಸ್ತಾ ಹೋನಾ, ಮಜಬೂತ್ ಭೀ ಹೋನಾ. ಮಿಯಾಂ, ಘಡಿ ಹೋನಾ ಕಿ ಫರಿಶ್ತಾ?" ಎಂದ. ಹಗುರ, ಅಗ್ಗ, ಗಟ್ಟಿ ಎಲ್ಲವೂ ಆಗಬೇಕಾದರೆ ನನಗೆ ಬೇಕಾದದ್ದು ಗಡಿಯಾರವೋ ದೇವದೂತನೋ ಎಂದು ಕೇಳಿ ಗಲ್ಲಾಪೆಟ್ಟಿಗೆ ಮುಚ್ಚಿದ.

ಸಿಕ್ಕಿದ್ದು ಕೊನೆಗೆ ಅಮೀರ್‌ಪೇಟಿನಲ್ಲಿ, ಮೆಟ್ರೋ ಬದಲಿಸಲು ಇಳಿದಾಗ. ಹೊಟ್ಟೆ ಹಸಿದಿತ್ತೆಂದು ಕೆಳಗೆ ಬಂದಿದ್ದೆ. ಅಲ್ಲಿ ಕೋಚಿಂಗ್ ಕ್ಲಾಸುಗಳ ಬೋರ್ಡುಗಳ ಅಡಿಯಲ್ಲಿ, ಪೆನ್ನು, ಪ್ಯಾಡು, ಪಾಸ್‌ಪೋರ್ಟ್ ಫೋಟೋ ಮಾರುವ ಒಂದು ಸಣ್ಣ ಅಂಗಡಿ. ಗಾಜಿನ ಹಿಂದೆ ಬೂದು ಬಣ್ಣದ ವಾಚುಗಳ ಒಂದು ಸಾಲು. ಅಂಗೈಯಲ್ಲಿ ಇಟ್ಟರೆ ಇಟ್ಟದ್ದೇ ಗೊತ್ತಾಗದು. ಮುಖದ ಮೇಲೆ ದೊಡ್ಡ ದೊಡ್ಡ ಅಂಕಿಗಳು, ಎರಡು ಮುಳ್ಳು, ಬೇರೆ ಯಾವ ಸೊಗಸೂ ಇಲ್ಲ. ಪರೀಕ್ಷೆಯ ಹಾಲಿನಲ್ಲಿ ಸ್ಮಾರ್ಟ್‌ವಾಚು ಬಿಡುವುದಿಲ್ಲವಲ್ಲ, ಅದಕ್ಕೇ ಹಾಸ್ಟೆಲಿನ ಹುಡುಗ-ಹುಡುಗಿಯರೆಲ್ಲ ಇದನ್ನೇ ಕೊಳ್ಳುತ್ತಾರಂತೆ.

ಅಂಗಡಿಯಾತ ನನ್ನ ನರೆತ ತಲೆ ನೋಡಿ, ಯಾವ ಪರೀಕ್ಷೆ ಎಂದು ತಿಳಿಯಲು ಗೌರವದಿಂದ, "ಏ ಎಗ್ಜಾಮು ಸಾರ್?" ಎಂದ.

"ಎಗ್ಜಾಮು ಏಮೀ ಲೇದು" ಎಂದೆ, ಪರೀಕ್ಷೆ ಏನೂ ಇಲ್ಲ ಎಂದು, ನನ್ನ ಮಣಿಕೊಂಡದ ತೆಲುಗಿನಲ್ಲಿ.

ಅವನು ನಂಬಲಿಲ್ಲ. ಹೇಳಿಕೊಳ್ಳಲು ನಾಚಿಕೆ ಎಂದುಕೊಂಡ. ಇದು ಎಷ್ಟನೆಯ ಪ್ರಯತ್ನವೋ ಎಂದು ಕನಿಕರವೂ ಬಂದಿರಬೇಕು. ವಾಚಿನ ಜೊತೆ ಒಂದು ನೀಲಿ ಪೆನ್ನು ಪುಕ್ಕಟೆ ಕೊಟ್ಟು, "ಈಸಾರಿ ತಪ್ಪಕುಂಡಾ ವಸ್ತುಂದಿ ಸಾರ್" ಎಂದು ಹರಸಿದ. ಈ ಸಲ ನೌಕರಿ ಖಂಡಿತ ಬಂದೇ ಬರುತ್ತದೆ! ಆ ಕಲ್ಲಂಗಡಿಯ ಮೇಲೆ ಮೂರು ಕೊಟೇಶನ್ ಇಲ್ಲದೆ ನಾನು ಕೊಂಡ ವಸ್ತು ಅದೊಂದೇ.

ಆ ವಾಚಿನ ಮೇಲೆ ನನಗೆ ಬಿದ್ದ ಪ್ರೀತಿಯನ್ನು ಈ ವಯಸ್ಸಿನಲ್ಲಿ ವರ್ಣಿಸುವುದು ಚೆನ್ನಾಗಿರುವುದಿಲ್ಲ. ಕೈ ನೋವು ಹೋಯಿತು. ಸ್ನಾನಕ್ಕೆ ಹೋದರೂ ಬಿಚ್ಚಬೇಕಿಲ್ಲ. ರೈಲಿನ ಮೇಲಿನ ಬರ್ತಿನಲ್ಲಿ ಕೈಯನ್ನೇ ತಲೆದಿಂಬು ಮಾಡಿಕೊಂಡರೆ ಕೆನ್ನೆಗೆ ಸರಪಳಿಯ ಅಚ್ಚು ಬೀಳುವುದಿಲ್ಲ. ಟ್ರೇಯಲ್ಲಿ ಇಟ್ಟರೆ ಪಕ್ಕದ ಬಾಚಣಿಗೆಗೂ ಗೊತ್ತಾಗುವುದಿಲ್ಲ. ಆದರೆ ಮಾವ? ಅವರು ಕಟ್ಟಿದ್ದನ್ನು ಬಿಚ್ಚಿ, ಬೀದಿಯ ಪರೀಕ್ಷೆ ವಾಚು ಕಟ್ಟಿಕೊಂಡಿದ್ದೇನೆಂದು ಆ ಮುದುಕರಿಗೆ ಹೇಳುವ ಬಾಯಿ ನನಗಿರಲಿಲ್ಲ. ನಿಮ್ಮ ಉಡುಗೊರೆ ಭಾರ ಎಂದು ಹೇಳಿದರೆ ಅದು ವಾಚಿನ ಬಗ್ಗೆ ಮಾತ್ರ ಹೇಳಿದಂತಾಗುತ್ತದೆಯೇ? ಅದಕ್ಕೇ ಒಂದು ವ್ಯವಸ್ಥೆ ಮಾಡಿಕೊಂಡೆ. ಸೋಮವಾರದಿಂದ ಶನಿವಾರದವರೆಗೆ ವಿದ್ಯಾರ್ಥಿ, ಭಾನುವಾರ ಅಳಿಯ.

"ಒಂದು ಮಾತು ಹೇಳಿದ್ರ ಮುಗೀತೈತಿ" ಎಂದಳು ಶೈಲಾ.

"ನೀನ ಹೇಳು."

"ನಾ ಯಾಕ ಹೇಳ್ಲಿ? ಕೈ ನಿಮ್ದು, ವಾಚ್ ನಿಮ್ದು, ಅಂಜಿಕಿ ನಿಮ್ದು."

ವ್ಯವಸ್ಥೆ ಚೆನ್ನಾಗಿಯೇ ನಡೆದಿತ್ತು. ಒಂದು ಭಾನುವಾರ ನಾನು ವಿಜಯವಾಡದಿಂದ ಮರಳುತ್ತಿದ್ದೆ. ರೈಲು ತಡವಾಗಿತ್ತು. ಶೈಲಾ ಫೋನು ಮಾಡಿ, "ಮನಿಗೆ ಹೋಗಬ್ಯಾಡ್ರಿ. ನಾವಿಬ್ರೂ ಅಪ್ಪನ ಮನ್ಯಾಗ ಅದೀವಿ. ಸೀದಾ ಇಲ್ಲೇ ಬರ್ರಿ, ಹೋಳಿಗಿ ಆರಾಕತ್ತಾವ" ಎಂದಳು. ಹೋಳಿಗೆ ಅಂದ ಮೇಲೆ ಬೇರೆ ಏನು ನೆನಪಾಗುತ್ತದೆ? ಹಗುರ ವಾಚಿನ ದೊಡ್ಡ ಗುಣವೇ ಅದು ಕೈಯಲ್ಲಿದೆ ಎನ್ನುವುದು ಮರೆತುಹೋಗುವುದು. ಮುದುಡಿದ ಅಂಗಿ, ಬೋಳಿಸದ ಗಡ್ಡ, ಹೆಗಲಿಗೆ ಚೀಲ. ಹೀಗೇ ಹೋಗಿ ಚಪ್ಪಲಿ ಬಿಟ್ಟೆ. ಮಾವ ಬಂದು ಕೈ ಹಿಡಿದರು.

ಆಗ ನೆನಪಾಯಿತು.

ಅವರು ಕೈಯನ್ನು ಹೊರಳಿಸಿದರು. ಬೂದು ಪಟ್ಟಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಸೀರೆಯ ಸೆರಗು ನೋಡುವ ಹಾಗೆ ಉಜ್ಜಿದರು. ನನ್ನ ಮುಖ ನೋಡಿದರು. ಗಡ್ಡ ನೋಡಿದರು. 'ಹೂಂ' ಅನ್ನಲಿಲ್ಲ. ಕೈಯನ್ನು ನಿಧಾನವಾಗಿ, ಒಡೆಯುವ ವಸ್ತುವನ್ನು ಇಳಿಸಿದಂತೆ ಇಳಿಸಿ, ಒಳಗೆ ಹೋದರು. ಊಟಕ್ಕೆ ಕೂತಾಗ, "ಅವ್ರಿಗೆ ತುಪ್ಪ ಇನ್ನಷ್ಟು ಹಾಕವ್ವಾ" ಎಂದರು, ಅಷ್ಟೇ. ಮುದುಕರ ಮನಸ್ಸು ಮುರಿದೆನಲ್ಲ ಎಂದು ಮೆಟ್ರೋದಲ್ಲಿ ಮನೆಯವರೆಗೂ ಅದೇ ಯೋಚನೆ. ಮುಂದಿನ ಭಾನುವಾರ ಭಾರದ ವಾಚು ಹಾಕಿಕೊಂಡು ಹೋಗಿ ಸರಿಮಾಡಬೇಕು ಎಂದುಕೊಂಡೆ. ಆದರೆ ಆಫೀಸಿನಲ್ಲಿ ಆಡಿಟ್ ಬಂತು. ಕೆಲವು ಭಾನುವಾರ ಹೋಗಲಾಗಲಿಲ್ಲ.

ಆ ವಾರಗಳಲ್ಲಿ ವಿಚಿತ್ರ ಸಂಗತಿಗಳು ನಡೆದವು. ದಿಲ್‌ಸುಖ್‌ನಗರದಿಂದ ಬರುವ ಪರಿಚಿತರ ಕೈಯಲ್ಲಿ ಒಮ್ಮೆ ಜೋಳದ ಹಿಟ್ಟು ಬಂತು. ಇನ್ನೊಮ್ಮೆ ತೊಗರಿಬೇಳೆ, ಶೇಂಗಾ ಚಟ್ನಿ, ಒಂದು ಡಬ್ಬಿ ತುಪ್ಪ. ಆಮೇಲೆ ಅತ್ತೆಯ ತಾಮ್ರದ ಕೊಡ. ಎಲ್ಲಕ್ಕಿಂತ ಹೆಚ್ಚಾಗಿ, ಮಾವ ನನಗೆ ಫೋನು ಮಾಡಿದರು. ಶೈಲಾಗಲ್ಲ, ನನಗೆ! ಮದುವೆಯಾದಂದಿನಿಂದ ಅವರ ಹೆಸರು ನನ್ನ ಫೋನಿನಲ್ಲಿ ಬೆಳಗಿದ್ದು ಅದೇ ಮೊದಲು.

"ಆಫೀಸಿನ್ಯಾಗ ಎಲ್ಲಾ ಬರೋಬರಿ ಐತಲ್ರಿ?"

ನನಗೊಂದು ಚಟವಿದೆ. ಯಾರು ಹೇಗಿದ್ದೀರಿ ಎಂದು ಕೇಳಿದರೂ ಚೆನ್ನಾಗಿದ್ದೇನೆ ಎನ್ನಲು ಹೆದರಿಕೆ, ಅಂದರೆ ಎಲ್ಲಿ ಕೆಡುತ್ತದೋ ಎಂದು. "ನಡದೈತ್ರಿ ಮಾಮಾ. ಏನ್ ಹೇಳೂದು, ಈಗಿನ ಕಾಲದಾಗ ಯಾವುದೂ ಗ್ಯಾರಂಟಿ ಇಲ್ಲ. ದೇವರು ನಡಸ್ಯಾನ, ನಡದೈತಿ" ಎಂದೆ.

"ಹಾಂ, ಧೈರ್ಯ ಬಿಡಬ್ಯಾಡ್ರಿ" ಎಂದು ಇಟ್ಟುಬಿಟ್ಟರು.

ಪದ್ಧತಿ ಮುರಿದು ಫೋನು ಮಾಡುತ್ತಾರೆ, ಮನೆಯ ಸಾಮಾನು ಒಂದೊಂದಾಗಿ ಕೊಡುತ್ತಾರೆ, ನನಗೆ ಧೈರ್ಯ ಹೇಳುತ್ತಾರೆ. ಇದಕ್ಕೆಲ್ಲ ಒಂದೇ ಅರ್ಥ. ಶೈಲಾಳನ್ನು ಕರೆದು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದೆ, "ನೀ ಗಟ್ಟಿ ಮನಸ ಮಾಡ್ಕೊ. ಮಾಮಾಗ ಏನೋ ದೊಡ್ಡ ಬ್ಯಾನಿ ಐತಿ. ಎಲ್ಲಾ ಹಂಚಾಕತ್ತಾರ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮಪ್ಪ ನಿನ್ನೆ ಮೂರು ಮಿರ್ಚಿ ಭಜಿ ತಿಂದಾರ. ಚಿಂತಿ ಮಾಡಾಕ ಏನೂ ಸಿಗದಿದ್ರ ಗ್ಯಾಸಿನ ಪೈಪ್ ಬಗ್ಗೆ ಮಾಡ್ರಿ. ನಮ್ಮಪ್ಪನ್ನ ಬಿಡ್ರಿ."

ಮಿರ್ಚಿ ಭಜಿಯೂ ನನಗೆ ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ. ಪಥ್ಯ ಬಿಟ್ಟುಬಿಟ್ಟಿದ್ದಾರೆ ಎಂದರೆ ಏನರ್ಥ?

ಅದಾದ ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲ ಗಂಟೆ ಸದ್ದು ಮಾಡಿತು. ತೆರೆದರೆ ಮಾವ. ಒಬ್ಬರೇ. ಇಸ್ತ್ರಿ ಮಾಡಿದ ಬಿಳಿ ಧೋತರ, ತಲೆಗೆ ಟೊಪ್ಪಿಗೆ, ಕೈಯಲ್ಲಿ ಕೊಡೆ. ಎಂಬತ್ತರ ಹತ್ತಿರದವರು ದಿಲ್‌ಸುಖ್‌ನಗರದಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟಿನ ಆ ಜನಜಂಗುಳಿಯಲ್ಲಿ ಗಾಡಿ ಬದಲಿಸಿ, ಇತ್ತ ಇಳಿದು ಆಟೋ ಹಿಡಿದು ಬಂದಿದ್ದಾರೆ. ಕೂರಿಸಿದೆ. ನೀರು ಕುಡಿದರು. ಶೈಲಾ ಚಹಾ ಮಾಡಲು ಒಳಗೆ ಹೋದಳು. ಮಾವ ಸೋಫಾದ ತುದಿಯಲ್ಲಿ ಕೂತು, ಕೊಡೆಯ ಹಿಡಿಕೆಯನ್ನು ನೋಡುತ್ತ, ನನ್ನೊಂದಿಗೇ ಮಾತು ಶುರು ಮಾಡಿದರು.

"ಮ್ಯಾಲಿನ ಮನಿ ಖಾಲಿ ಆತ್ರಿ. ಬಾಡಿಗಿಯವ್ರು ಬಿಟ್ಟ ಹೋದ್ರು."

"ಹೌದೇನ್ರಿ?"

"ಖಾಲಿ ಬಿಟ್ರ ಪಾರಿವಾಳ ಸೇರ್ತಾವ. ಸುಮ್ನ ಹೊಲಸು. ಮನಿ ಅಂದ ಮ್ಯಾಲೆ ಯಾರಾದ್ರೂ ದೀಪ ಹಚ್ಚವ್ರು ಇರಬೇಕು. ಹೊರಗಿನವ್ರನ್ನ ಇಡಾಕ ಈಗ ನನಗ ಮನಸಿಲ್ಲ. ನೀವು ಮೂರೂ ಮಂದಿ ಬಂದು ಇದ್ರ…" ಅವರು ಕೊಡೆಯ ಹಿಡಿಕೆ ಒರೆಸಿದರು. "ನನಗ ಉಪಕಾರ ಆಗತೈತಿ. ನನ್ನ ಸಲವಾಗಿ ಅಂತ ತಿಳೀರಿ. ಮಂದಿ 'ಮನಿ ಅಳಿಯ' ಅಂತಾರ, ಅನ್ಲಿ. ಅಂದವ್ರ ಬಾಯಿ ನಾ ನೋಡ್ಕೋತೀನಿ."

ನನಗೆ ಇನ್ನು ತಡೆಯಲಾಗಲಿಲ್ಲ. ಹತ್ತಿರ ಸರಿದು ಅವರ ಕೈ ಹಿಡಿದೆ. "ಮಾಮಾ, ರಿಪೋರ್ಟ್ ಏನು ಬಂದೈತ್ರಿ? ನಮ್ಮ ಮುಂದ ಮುಚ್ಚಿಡಬ್ಯಾಡ್ರಿ. ಈಗ ಎಲ್ಲಾದಕ್ಕೂ ಔಷಧ ಐತಿ."

ಅವರು ಬೆಚ್ಚಿದರು. "ಯಾರ ರಿಪೋರ್ಟು?"

"ನಿಮ್ದು."

"ನನಗೇನಾಗೈತಿ? ಆಗಿರೂದು ನಿಮಗ!"

"ನನಗೇನಾಗೈತ್ರಿ?"

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಯಾರಿಗೆ ಏನಾಗಿದೆ ಎಂದು ತಿಳಿಯದೆ ನೋಡುತ್ತ ಕೂತಿದ್ದಾಗ ಶೈಲಾ ಚಹಾ ತಂದಳು. ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. "ಅಪ್ಪಾ, ಇವ್ರಿಗೆ ಏನಾಗೈತಿ ಅಂತ ತಿಳಕೊಂಡೀರಿ?"

ಮಾವ ನೆಲ ನೋಡುತ್ತ ಹೇಳಿದರು. "ಕೈ ನೋಡಿದೆನವ್ವಾ ಅವತ್ತ. ವಾಚ್ ಇರ್ಲಿಲ್ಲ. ಅಂಗಡ್ಯಾಗ ಇಷ್ಟು ವರ್ಷ ಕುಂತವ ನಾನು. ಮನಷ್ಯಾನ ಕೈಯಾನ ಮದುವಿ ವಾಚ್ ಹೋಗಿ ಹುಡುಗರ ವಾಚ್ ಬಂತಂದ್ರ ಮನ್ಯಾಗ ಏನ್ ನಡದೈತಿ ಅಂತ ಗೊತ್ತಾಗೂದಿಲ್ಲೇನು? ನೌಕರಿ ಹೋಗೈತಿ, ಹೇಳಾಕ ನಾಚಿಕಿ. ಆಮ್ಯಾಲೆ ಮಾರಿ ತೋರಿಸೂದ ಬಿಟ್ರು. ಫೋನ್ ಮಾಡಿದ್ರ, ಯಾವುದೂ ಗ್ಯಾರಂಟಿ ಇಲ್ಲ ಅಂದ್ರು. ಇನ್ನೇನ್ ಬೇಕು?"

ಜೋಳದ ಹಿಟ್ಟು, ತೊಗರಿಬೇಳೆ, ತುಪ್ಪ, ತಾಮ್ರದ ಕೊಡ, ಎಲ್ಲವೂ ನನ್ನ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು.

ಶೈಲಾ ಮಾತಾಡದೆ ಒಳಗೆ ಹೋಗಿ ಕಪಾಟಿನಿಂದ ಮದುವೆಯ ವಾಚು ತಂದು ಟೀಪಾಯಿಯ ಮೇಲೆ ಇಟ್ಟಳು. ಮಾವ ಅದನ್ನು ಎತ್ತಿಕೊಂಡರು. ಹೊರಳಿಸಿದರು. ಕಿವಿಗೆ ಹಿಡಿದರು. "ಐತಲ್ಲ!" ಎಂದರು. ನನ್ನ ಕಡೆ ತಿರುಗಿ, "ಮತ್ತ ಯಾಕ ಹಾಕ್ಕೊಳ್ಳೂದಿಲ್ಲ?" ಎಂದು ಕೇಳಿದರು.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ಭಾರ ಆಗತೈತ್ರಿ ಮಾಮಾ. ಕೈ ನೋಯತೈತಿ" ಎಂದೆ.

ಅವರ ಮುಖ ನೋಡಲು ಧೈರ್ಯ ಬರಲಿಲ್ಲ. ಒಂದು ಸದ್ದು ಕೇಳಿಸಿತು. ಕೆಮ್ಮು ಎಂದುಕೊಂಡೆ. ನಗು. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟು, ಮೈಯೆಲ್ಲ ಅಲುಗಿಸಿ ನಗುತ್ತಿದ್ದರು. "ಭಾರನ ಐತಿ ಅದು! ಹಂದರದಾಗ ಹಿಂದ ಕುಂತವ್ರಿಗೂ ಕಾಣಬೇಕು, ಅಂಥಾ ದೊಡ್ಡದು ಕೊಡು ಅಂದಿದ್ದೆ ಅಂಗಡ್ಯಾವಗ. ಮದುವಿ ಮುಗದ ಮ್ಯಾಲೆ ತಗದಿಡ್ತೀರಿ ಅನ್ಕೊಂಡಿದ್ದೆ. ನೀವು ಬಿಡವಲ್ರಿ! ಬಂದಾಗೊಮ್ಮೆ ಕೈ ಹಿಡದು ನೋಡ್ತಿದ್ದೆ, ಇವತ್ತರೆ ಬಿಟ್ಟಾರೇನು ಅಂತ. ಇನ್ನೂ ಹೊತ್ಕೊಂಡ ತಿರಗ್ಯಾಡತಿದ್ರಿ. ಬಿಟ್ಟ ದಿನ ನೋಡಿದ್ರ ಗಡ್ಡ, ಹುಡುಗರ ವಾಚ್, ಮಾರಿರಬೇಕು ಅಂತ ಅಂಜಿದೆ. ಅಳಿಯಾಗ ಹೆಂಗ ಹೇಳೂದು, ತಗದಿಡ್ರಿ ಅಂತ? ಕೊಟ್ಟದ್ದು ತಿರಗಿ ಬೇಡಿದಂಗ ಆಗತೈತಿ."

ಶೈಲಾ ಗೋಡೆಗೆ ಒರಗಿ ನಕ್ಕಳು. ಮೇಘಾ ಕೋಣೆಯಿಂದ ಬಂದು ಏನಾಯಿತೆಂದು ಕೇಳಿ, ಅರ್ಧ ತಿಳಿದು, ಪೂರ್ತಿ ನಕ್ಕಳು. ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ಏನೂ ಚಿಂತೆಯಿಲ್ಲದೆ ನಕ್ಕೆ. ಮಾವ ನನ್ನ ಕೈಯ ಬೂದು ವಾಚನ್ನು ಮತ್ತೊಮ್ಮೆ ಮುಟ್ಟಿ, "ಚಲೋ ಐತಿ. ಚುರಮುರಿ ಹಂಗ ಹಗುರ ಐತಿ" ಎಂದರು.

ಚಹಾ ಕುಡಿದರು. ಬಟ್ಟಲು ಕೆಳಗಿಟ್ಟರು. ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡು, ಕಿಟಕಿಯ ಆಚೆ ನೋಡಿದರು. ಆಚೆ ನೋಡಲು ಎದುರಿನ ಅಪಾರ್ಟ್‌ಮೆಂಟಿನ ಗೋಡೆ ಬಿಟ್ಟರೆ ಏನೂ ಇಲ್ಲ.

"ಹಂಗಾದ್ರ ನೀವು ಬರೂದಿಲ್ಲ" ಎಂದರು.

"ಎಲ್ಲಿಗಪ್ಪಾ?" ಎಂದಳು ಶೈಲಾ, ಇನ್ನೂ ನಗುತ್ತಲೇ.

"ಮ್ಯಾಲಿನ ಮನಿಗೆ. ಸುಣ್ಣ ಹಚ್ಚಿಸೀನಿ. ಮೇಘಾಗ ಓದಾಕ ಅಂತ ಒಂದು ಮೇಜು ಮಾಡಿಸೀನಿ. ನಿಮ್ಮವ್ವ ನಿನ್ನಿ ಅಲ್ಲಿ ನಿಂತು, ಒಲಿ ಕಿಡಕಿ ಕಡೆ ಇಡೂದೋ ಗ್ವಾಡಿ ಕಡೆ ಇಡೂದೋ ಅಂತ ಭಾಳ ಹೊತ್ತು ನೋಡಿದ್ಲು." ಜೇಬಿನಿಂದ ಕೆಂಪು ದಾರ ಕಟ್ಟಿದ ಒಂದು ಕೀಲಿ ತೆಗೆದು ಮದುವೆಯ ವಾಚಿನ ಪಕ್ಕ ಇಟ್ಟರು. ಆಮೇಲೆ ಏನನ್ನಿಸಿತೋ, ಮತ್ತೆ ಎತ್ತಿ ಮುಷ್ಟಿಯಲ್ಲಿ ಹಿಡಿದರು. "ಇರ್ಲಿ. ನೌಕರಿ ಐತಲ್ಲ, ಅದ ದೊಡ್ಡದು. ಬ್ಯಾರೆ ಯಾರಾದ್ರೂ ಬಾಡಿಗಿಯವ್ರು ಸಿಗ್ತಾರ."

ಶೈಲಾಳ ನಗು ಎಲ್ಲಿಗೆ ಹೋಯಿತೋ. ಅವಳು ನನ್ನನ್ನು ನೋಡಲಿಲ್ಲ. ನೋಡದಿರುವುದಕ್ಕೆ ಬಹಳ ಕಷ್ಟಪಡುತ್ತಿದ್ದಳು.

ನನ್ನ ತಲೆಯಲ್ಲಿ ಎಂದಿನಂತೆ ಸಂತೆ ಕೂಡಿತು. ಅಲ್ಲಿಂದ ಆಫೀಸು ಎಷ್ಟು ದೂರ, ಮೇಘಾಳ ಕಾಲೇಜು ಯಾವ ಕಡೆ, ಇಲ್ಲಿಯ ಗಿಡಗಳಿಗೆ ನೀರು ಯಾರು ಹಾಕುವವರು, ಸೋಮವಾರ ಬೆಳಿಗ್ಗೆ ಮೆಟ್ರೋದಲ್ಲಿ ಕಾಲಿಡಲು ಜಾಗವಿರುತ್ತದೆಯೋ ಇಲ್ಲವೋ. ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದವು. ಬಾಯಿ ತೆರೆದಾಗ ಮಾತ್ರ ಬೇರೆಯೇ ಬಂತು.

"ಶನಿವಾರ ಬರ್ತೀವ್ರಿ ಮಾಮಾ. ಪ್ರತಿ ಶನಿವಾರ. ಸೋಮವಾರ ಮುಂಜಾನೆ ನಾ ಅಲ್ಲಿಂದನ ಆಫೀಸಿಗೆ ಹೋಗ್ತೀನಿ."

ಮಾವ ಟೊಪ್ಪಿಗೆ ತಲೆಗೆ ಇಟ್ಟುಕೊಂಡರು, ಸರಿಪಡಿಸಿಕೊಂಡರು. ಗಿರಾಕಿ ಒಂದು ಮಾತು ಆಡಿದ ಮೇಲೆ ಅಂಗಡಿಯವರು ಸ್ವಲ್ಪ ಸುಮ್ಮನಿರುತ್ತಾರಲ್ಲ, ಹಾಗೆ.

"ಶುಕ್ರವಾರ ಸಂಜಿ" ಎಂದರು.

"ಆತ್ರಿ" ಎಂದೆ.

ಕೀಲಿಯನ್ನು ನನ್ನ ಕೈಗೆ ಕೊಟ್ಟು, ತಮ್ಮ ಹಳೆಯ ಫೋನನ್ನು ಹೊರತೆಗೆದು, ಗುಂಡಿಗಳನ್ನು ಒಂದೊಂದಾಗಿ ಒತ್ತಿ, ಅತ್ತೆಗೆ ಫೋನು ಹಚ್ಚಿದರು. ಆ ಕಡೆಯ ದನಿ ಗಾಬರಿಯಿಂದ ಏನೋ ಕೇಳುತ್ತಿತ್ತು. ಮಾವ ಅರ್ಧಕ್ಕೇ ತಡೆದರು.

"ಏ, ನೌಕರಿ ಎಲ್ಲಿ ಹೋಗತೈತಿ? ಭದ್ರ ಐತಿ. ಅದನ್ನೆಲ್ಲ ಆಮ್ಯಾಲೆ ಹೇಳ್ತೀನಿ. ಇಲ್ಲಿ ಕೇಳು, ಬರ್ತಾರ. ಹೌದು, ಮೂರೂ ಮಂದಿ. ಶುಕ್ರವಾರ. ನೀ ಆ ಒಲಿ ಕಿಡಕಿ ಕಡೆನ ಇಡಸು."